ಗೀಳು ಕಾಯಿಲೆಗೆ ಗಾಂಜಾ ಎಣ್ಣೆ ಮದ್ದಾದೀತೇ?

ಪ್ರಶ್ನೆ: ನನ್ನ ತಮ್ಮನಿಗೆ 27 ವರ್ಷ. ನಾಲ್ಕೈದು ವರ್ಷಗಳಿಂದ ಕೈ ತೊಳೆಯುವ ಗೀಳು ಅಂಟಿಕೊಂಡಿದೆ. ಬಚ್ಚಲಿಗೆ ಹೋದರೆ ಒಂದೂವರೆ ಗಂಟೆ ಹೊರಗೆ ಬರುವುದಿಲ್ಲ. ಅಂಗಡಿಯಿಂದ ತಂದ ಹಾಲಿನ ಪ್ಯಾಕೆಟ್, ಚಿಲ್ಲರೆ ಕಾಸು ಎಲ್ಲವನ್ನೂ ಅಮ್ಮ ತೊಳೆದು ಕೊಟ್ಟ ಮೇಲೆಯೇ ಮುಟ್ಟುವುದು. ಮನೋವೈದ್ಯರಿಗೆ ತೋರಿಸಿದೆವು. ಇದು ಒಸಿಡಿ, ಅಂದರೆ ಗೀಳು ಕಾಯಿಲೆ ಎಂದು ಹೇಳಿ ಸರ್ಟ್ರಲಿನ್ 50 ಮಿ.ಗ್ರಾಂ. ಮಾತ್ರೆ ಬರೆದುಕೊಟ್ಟರು. ಮೂರು ವಾರ ನುಂಗಿದ, ಏನೂ ಪ್ರಯೋಜನವಿಲ್ಲವೆಂದು ಬಿಟ್ಟುಬಿಟ್ಟ. ಟೊರಾಂಟೊದಲ್ಲಿರುವ ನಮ್ಮ ಚಿಕ್ಕಪ್ಪನ ಮಗ, ಗಾಂಜಾದಿಂದ ಒಸಿಡಿ ಶೇ 60ರಷ್ಟು ಕಡಿಮೆಯಾಗುತ್ತದೆಂದು ಸಂಶೋಧನೆಯೇ ಹೇಳಿದೆ, ಇಲ್ಲಿ ಅದರ ಎಣ್ಣೆ ಸಲೀಸಾಗಿ ಸಿಗುತ್ತದೆ, ಕಳಿಸಿಕೊಡುತ್ತೇನೆ ಅನ್ನುತ್ತಿದ್ದಾನೆ. ಇದು ನಿಜವೇ? ತರಿಸಿ ಕೊಡಬಹುದೇ?
– ಹೆಸರು ಬೇಡ, ಹಾವೇರಿ

ಉತ್ತರ: ತರಿಸಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಪತ್ರ ಓದಿದರೆ ನೀವು ಇವತ್ತೋ ನಾಳೆಯೋ ತೀರ್ಮಾನ ಮಾಡುವ ಹಂತದಲ್ಲಿರುವಂತೆ ಕಾಣುತ್ತದೆ. ಆದರೆ ನಿಮ್ಮ ಚಿಕ್ಕಪ್ಪನ ಮಗ ಹೇಳಿದ್ದು ಗಾಳಿಮಾತಲ್ಲ. ಶೇ 60ರ ಲೆಕ್ಕ ನಿಜವಾದ ಅಧ್ಯಯನದಿಂದಲೇ ಬಂದದ್ದು. ಅದನ್ನು ಬಿಡಿಸಿ ನೋಡಿದರೆ ಗಾಂಜಾದ ವಿಚಾರದ ಜೊತೆಗೆ ನಿಮ್ಮ ತಮ್ಮನ ಕಾಯಿಲೆಯ ಸ್ವಭಾವವೂ ತಿಳಿಯುತ್ತದೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಕೆನಡಾದಲ್ಲಿ ಗಾಂಜಾ ಬಳಸುವವರಿಗಾಗಿ ‘ಸ್ಟ್ರೈನ್‌ಪ್ರಿಂಟ್’ ಎಂಬ ಮೊಬೈಲ್ ಆ್ಯಪ್ ಇದೆ. ಸೇದುವ ಮೊದಲು ತೊಂದರೆ ಎಷ್ಟಿತ್ತು, ಸೇದಿದ ಮೇಲೆ ಎಷ್ಟಾಯಿತು ಎಂದು ಬಳಸುವವರೇ ಅದರಲ್ಲಿ ಅಂಕ ಹಾಕುತ್ತಾರೆ. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಈ ದಾಖಲೆಗಳಿಂದ, ತಮಗೆ ಒಸಿಡಿ ಇದೆ ಎಂದು ಹೇಳಿಕೊಂಡ 87 ಮಂದಿಯ ಲೆಕ್ಕವನ್ನು ತೆಗೆದರು. 31 ತಿಂಗಳಲ್ಲಿ ಇವರು 1,810 ಸಲ ಗಾಂಜಾ ಬಳಸಿದ್ದರು. ಸರಾಸರಿ ನೋಡಿದಾಗ, ತೊಳೆಯಬೇಕು, ಮುಟ್ಟಬೇಕು, ಪರೀಕ್ಷಿಸಬೇಕು ಎಂಬ ಒತ್ತಡ ಶೇ 60ರಷ್ಟು ಇಳಿದಿತ್ತು. ಬೇಡದ ಆಲೋಚನೆಗಳು ಶೇ 49, ಆತಂಕ ಶೇ 52. ಟೊರಾಂಟೊಗೆ ತಲುಪಿದ ಸುದ್ದಿ ಬಹುಶಃ ಇದೇ.

ಇಲ್ಲಿ ಗಮನಿಸಬೇಕಾದ ಸಂಗತಿಗಳಿವೆ. ಅವರಿಗೆ ಒಸಿಡಿ ಇದೆಯೇ ಎಂದು ಅಧ್ಯಯನದಲ್ಲಿ ಯಾವ ವೈದ್ಯರೂ ಪರೀಕ್ಷಿಸಿ ನೋಡಿರಲಿಲ್ಲ. ಗಾಂಜಾ ಸೇದಿ ತೊಂದರೆ ಹೆಚ್ಚಾದವರು ಅಂಥ ಆ್ಯಪ್ ಇಟ್ಟುಕೊಂಡು ತಿಂಗಳುಗಟ್ಟಲೆ ಅಂಕ ಹಾಕುತ್ತ ಕೂರುವುದಿಲ್ಲ. ಹಾಗಾಗಿ ಲೆಕ್ಕದಲ್ಲಿ ಉಳಿದವರು ಹೆಚ್ಚಾಗಿ ಅದರಿಂದ ಹಿತ ಕಂಡವರೇ. ಎಲ್ಲಕ್ಕಿಂತ ಮುಖ್ಯವಾದದ್ದು, ಹೋಲಿಸಿ ನೋಡಲು ಏನೂ ಇರಲಿಲ್ಲ. ಒಸಿಡಿಯ ಒತ್ತಡ ಉಕ್ಕಿ ಬಂದಾಗ ಗಾಂಜಾ ಸೇದದೆ ಸುಮ್ಮನೆ ಕುಳಿತಿದ್ದರೂ ಗಂಟೆ ಕಳೆಯುವುದರೊಳಗೆ ಅದು ಸಾಮಾನ್ಯವಾಗಿ ತಾನಾಗಿಯೇ ಇಳಿಯುತ್ತದೆ. ಉತ್ತುಂಗದಲ್ಲಿದ್ದಾಗ ಒಂದು ಅಂಕ ಹಾಕಿ, ಆಮೇಲೆ ಇನ್ನೊಂದು ಅಂಕ ಹಾಕಿದರೆ ನಡುವೆ ಏನು ಮಾಡಿದ್ದರೂ ಅದೇ ಮದ್ದೆಂದು ತೋರುತ್ತದೆ.

ಅದೇ ಅಧ್ಯಯನದ ಇನ್ನೊಂದು ಮಾತನ್ನು ಸುದ್ದಿ ಹಂಚುವವರು ಹೇಳುವುದೇ ಇಲ್ಲ, ನನಗೆ ಕಾಡಿದ್ದು ಅದೇ. ತಿಂಗಳುಗಳು ಕಳೆದರೂ ಈ ಜನರ ಕಾಯಿಲೆಯ ಮೂಲ ಮಟ್ಟ ಇಳಿದಿರಲಿಲ್ಲ. ಪ್ರತಿಸಲ ಸೇದುವ ಮುನ್ನ ತೊಂದರೆ ಎಷ್ಟಿತ್ತೋ, ಮುಂದಿನ ಸಲಗಳಲ್ಲೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಬೇಡದ ಆಲೋಚನೆಗಳ ವಿಷಯದಲ್ಲಂತೂ, ಬಳಸುತ್ತ ಹೋದಂತೆ ಸಿಗುವ ಹಿತವೇ ಕಡಿಮೆಯಾಗುತ್ತ ಹೋಗಿತ್ತು. ತಿಂಗಳುಗಟ್ಟಲೆ ಮದ್ದು ಮಾಡಿಯೂ ಕಾಯಿಲೆ ಇದ್ದಲ್ಲೇ ಇದ್ದರೆ ಅದನ್ನು ಚಿಕಿತ್ಸೆ ಎನ್ನಲು ನನಗೆ ಮನಸ್ಸಾಗುವುದಿಲ್ಲ.

ಹೋಲಿಸಿ ನೋಡುವ ಕೆಲಸವನ್ನು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮನೋವೈದ್ಯ ರೈಲಿ ಕೇಸರ್ ಮತ್ತು ಸಂಗಡಿಗರು ಮಾಡಿದರು. ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಹಿಂದೆ ಗಾಂಜಾ ಸೇದಿ ಅಭ್ಯಾಸವಿದ್ದ, ಒಸಿಡಿ ಇರುವ 14 ಮಂದಿಯನ್ನು ಆರಿಸಿದರು. ಬೇರೆ ಬೇರೆ ದಿನ ಪ್ರಯೋಗಾಲಯಕ್ಕೆ ಕರೆಸಿ ಮೂರು ಬಗೆಯ ಸಿಗರೇಟು ಸೇದಿಸಿದರು. ಒಂದರಲ್ಲಿ ಅಮಲು ಕೊಡುವ ಟಿಎಚ್‌ಸಿ ಹೆಚ್ಚು, ಇನ್ನೊಂದರಲ್ಲಿ ಅಮಲು ಕೊಡದ ಸಿಬಿಡಿ ಹೆಚ್ಚು, ಮೂರನೆಯದರಲ್ಲಿ ಎರಡೂ ಇಲ್ಲದ ಸಪ್ಪೆ ಸೊಪ್ಪು. ಯಾವ ದಿನ ಯಾವುದೆಂದು ಕೊಡುವವರಿಗೂ ಗೊತ್ತಿಲ್ಲ, ಸೇದುವವರಿಗೂ ಗೊತ್ತಿಲ್ಲ. ಟಿಎಚ್‌ಸಿ ಸೇದಿದ ದಿನ ಎದೆಬಡಿತ ಏರಿತು, ರಕ್ತದೊತ್ತಡ ಏರಿತು, ಅಮಲೂ ಬಂತು. ಆದರೆ ಒಸಿಡಿಯ ತೊಂದರೆ ಮೂರೂ ದಿನ ಸಮಯ ಕಳೆದಂತೆ ಸರಿಸುಮಾರು ಒಂದೇ ರೀತಿ ಇಳಿಯಿತು. ಆತಂಕವಂತೂ ಸಪ್ಪೆ ಸೊಪ್ಪು ಸೇದಿದ ದಿನವೇ ಹೆಚ್ಚು ಇಳಿದಿತ್ತು. ಇದು ಸಣ್ಣ ಪ್ರಯೋಗ, ಒಂದೊಂದೇ ಸಲ ಸೇದಿಸಿದ್ದು ಎಂಬುದು ನಿಜ. ಆದರೂ ಕಣ್ಣುಕಟ್ಟಿ ತೂಗಿ ನೋಡಿದಾಗ ಶೇ 60 ಉಳಿಯಲಿಲ್ಲ.

ಹಾಗಾದರೆ ವಿಜ್ಞಾನಿಗಳು ಈ ಗಿಡದ ಬೆನ್ನು ಬಿದ್ದಿರುವುದೇಕೆ? ಅದಕ್ಕೂ ಸರಿಯಾದ ಕಾರಣವಿದೆ. ನಮ್ಮ ಮೆದುಳು ತಾನೇ ಗಾಂಜಾದಂಥ ರಾಸಾಯನಿಕಗಳನ್ನು ತಯಾರಿಸಿಕೊಳ್ಳುತ್ತದೆ. 1992ರಲ್ಲಿ ಪತ್ತೆಯಾದ ಆನಂದಮೈಡ್ ಅಂಥದ್ದೊಂದು. ಅದು ಕೆಲಸ ಮಾಡುವ ಸಿಬಿ-1 ಎಂಬ ಗ್ರಾಹಕಗಳು, ಹೆದರಿಕೆಯನ್ನು ಸಂಭಾಳಿಸುವ ಭಾಗದಲ್ಲೂ, ಅಭ್ಯಾಸಗಳನ್ನು ರೂಢಿಸುವ ಭಾಗದಲ್ಲೂ ದಟ್ಟವಾಗಿವೆ. ಒಸಿಡಿಯಲ್ಲಿ ದಾರಿ ತಪ್ಪುವುದು ಈ ಭಾಗಗಳ ನರಸುತ್ತೇ. ಸಿಬಿ-1 ಇಲ್ಲದಂತೆ ಬೆಳೆಸಿದ ಇಲಿಗಳು ಒಮ್ಮೆ ಹೆದರಿದರೆ ಅಪಾಯ ಹೋದ ಮೇಲೂ ಆ ಹೆದರಿಕೆಯನ್ನು ಬಿಟ್ಟುಕೊಡಲು ಒದ್ದಾಡುತ್ತವೆ ಎಂದು 2002ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಪ್ರಯೋಗ ತೋರಿಸಿತು. ಸಿಬಿ-1 ಅನ್ನು ತಡೆಯುವ ರಿಮೊನಬಾಂಟ್ ಎಂಬ ಬೊಜ್ಜಿನ ಮಾತ್ರೆ ಯೂರೋಪಿನಲ್ಲಿ ಬಳಕೆಗೆ ಬಂದಿತ್ತು. ಅದನ್ನು ನುಂಗಿದವರಲ್ಲಿ ಖಿನ್ನತೆ, ಆತ್ಮಹತ್ಯೆಯ ಯೋಚನೆ ಕಂಡುಬಂದು 2008ರಲ್ಲಿ ಹಿಂದಕ್ಕೆ ಪಡೆದರು. ಈ ವ್ಯವಸ್ಥೆಗೂ ಮನಸ್ಸಿನ ನೆಮ್ಮದಿಗೂ ನಂಟಿದೆ ಎನ್ನುವುದರಲ್ಲಿ ಸಂಶಯವಿಲ್ಲ. ಗಾಂಜಾದಿಂದ ಬಂದ ಔಷಧಿಗಳೂ ಇಲ್ಲವೆಂದಲ್ಲ. ಮಕ್ಕಳ ಕೆಲವು ಉಗ್ರ ಮೂರ್ಛೆರೋಗಗಳಿಗೆ ಶುದ್ಧ ಸಿಬಿಡಿ ದ್ರಾವಣಕ್ಕೆ ಅಮೆರಿಕ 2018ರಲ್ಲಿ ಒಪ್ಪಿಗೆ ಕೊಟ್ಟಿತು. ಕಿಮೊಥೆರಪಿಯ ವಾಂತಿಗೆ ಟಿಎಚ್‌ಸಿ ಮಾದರಿಯ ಮಾತ್ರೆಗಳು 1985ರಿಂದಲೂ ಇವೆ. ಆ ಗೌರವ ಒಸಿಡಿಯಲ್ಲಿ ಗಾಂಜಾಕ್ಕೆ ಇನ್ನೂ ಸಂದಿಲ್ಲ.

ಈಗ ನಿಮ್ಮ ತಮ್ಮನ ಬಚ್ಚಲಿಗೆ ಬರೋಣ.

ಒಂದೂವರೆ ಗಂಟೆ ಅಲ್ಲಿ ಏನು ನಡೆಯುತ್ತದೆ ಎಂದು ಅವನನ್ನು ಯಾವತ್ತಾದರೂ ಸಮಾಧಾನದಿಂದ ಕೇಳಿದ್ದೀರಾ? ಇಂಥವರು ನನಗೆ ಹೇಳುವುದು ಹೀಗೆ. ಮೊದಲು ನಲ್ಲಿ ತೊಳೆಯಬೇಕು, ಏಕೆಂದರೆ ಕೊಳಕು ಕೈಯಿಂದಲೇ ಅದನ್ನು ತಿರುಗಿಸಿದ್ದು. ಆಮೇಲೆ ಸೋಪು ತೊಳೆಯಬೇಕು. ಆಮೇಲೆ ಬೆರಳುಗಳ ಸಂದು, ಉಗುರು, ಮಣಿಕಟ್ಟು, ಮೊಣಕೈವರೆಗೆ. ನಡುವೆ ನೀರಿನ ಹನಿಯೊಂದು ಗೋಡೆಗೆ ತಾಗಿ ವಾಪಸು ಸಿಡಿಯಿತೋ, ಮತ್ತೆ ಮೊದಲಿನಿಂದ. ಎಣಿಕೆ ತಪ್ಪಿತೋ, ಮತ್ತೆ ಮೊದಲಿನಿಂದ. ಹೊರಗೆ ಅಮ್ಮ ಕದ ತಟ್ಟಿ ‘ಬಾರೋ, ಸಾಕು’ ಎಂದಳೋ, ಆ ಗಡಿಬಿಡಿಯಲ್ಲಿ ಎಲ್ಲೋ ಬಿಟ್ಟುಹೋಯಿತೆನ್ನಿಸಿ ಮತ್ತೆ ಮೊದಲಿನಿಂದ. ಕೈ ಸ್ವಚ್ಛವಾಗಿದೆ ಎಂಬುದು ಅವನ ಬುದ್ಧಿಗೆ ಗೊತ್ತು. ಆದರೆ ‘ಸಾಕು’ ಎಂಬ ಸಮಾಧಾನ ಒಳಗಿನಿಂದ ಬರುತ್ತಿಲ್ಲ. ಇದು ಮಡಿ ಅಲ್ಲ, ಹಟವೂ ಅಲ್ಲ. ಚರ್ಮ ಬಿರಿದು ರಕ್ತ ಬರುತ್ತಿದ್ದರೂ ತೊಳೆಯುವವನಿಗೆ ಅದರಲ್ಲಿ ಯಾವ ಸುಖವೂ ಇಲ್ಲ. ನಮ್ಮ ಮನೆಗಳಲ್ಲಿ ‘ಅವನಿಗೆ ಸ್ವಲ್ಪ ಮಡಿ ಜಾಸ್ತಿ’ ಎಂದು ವರ್ಷಗಟ್ಟಲೆ ನಕ್ಕು ಸುಮ್ಮನಾಗುವುದನ್ನು ನೋಡಿದರೆ ನನಗೆ ತುಂಬ ಸಂಕಟವಾಗುತ್ತದೆ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ಸಾವಿರಕ್ಕೆ ಸುಮಾರು ಎಂಟು ಮಂದಿಗೆ ಈ ಕಾಯಿಲೆ ಇದೆ.

ತೊಳೆದಾಗ ಆತಂಕ ಇಳಿಯುತ್ತದೆ. ಕಾಯಿಲೆ ಬದುಕುವುದೇ ಆ ಇಳಿತದ ಮೇಲೆ. ತುರಿಕಜ್ಜಿಯನ್ನು ಕೆರೆದ ಹಾಗೆ, ಆ ಕ್ಷಣ ಹಾಯೆನಿಸುತ್ತದೆ, ಕಜ್ಜಿ ಹರಡುತ್ತದೆ. ‘ತೊಳೆದದ್ದಕ್ಕೇ ಪಾರಾದೆ’ ಎಂದು ಮೆದುಳು ಕಲಿತುಕೊಳ್ಳುತ್ತದೆ, ಮುಂದಿನ ಸಲ ಇನ್ನೂ ಬೇಗ, ಇನ್ನೂ ಜೋರಾಗಿ ತೊಳೆಯಿಸುತ್ತದೆ. ಅಮ್ಮ ಹಾಲಿನ ಪ್ಯಾಕೆಟ್ ತೊಳೆದುಕೊಟ್ಟಾಗಲೂ ಆಗುವುದು ಇದೇ. ಗಾಂಜಾದ ಬಗ್ಗೆ ನನ್ನ ಮುಖ್ಯ ಆಕ್ಷೇಪ ಇಲ್ಲಿದೆ. ಆತಂಕ ಬಂದಾಗಲೆಲ್ಲ ಎರಡು ಹನಿ ಎಣ್ಣೆ ನಾಲಿಗೆಯಡಿ ಬಿಟ್ಟುಕೊಂಡು ಅದನ್ನು ಇಳಿಸಿಕೊಳ್ಳುವುದನ್ನು ಕಲಿತರೆ, ಆ ಎಣ್ಣೆಯೂ ಸೋಪಿನ ಪಕ್ಕದಲ್ಲಿ ಇನ್ನೊಂದು ಗೀಳಾಗಿ ಕೂರುತ್ತದೆ. ಎಣ್ಣೆ ಮುಗಿದ ದಿನ ಕಾಯಿಲೆ ಮೊದಲಿನಷ್ಟೇ ಇರುತ್ತದೆ.

ಒಸಿಡಿಯ ನಿಜವಾದ ಚಿಕಿತ್ಸೆ ಇದಕ್ಕೆ ಪೂರ್ತಿ ವಿರುದ್ಧ ದಿಕ್ಕಿನದು. 1966ರಲ್ಲಿ ಲಂಡನ್ನಿನಲ್ಲಿ ವಿಕ್ಟರ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞ, ಯಾವುದಕ್ಕೂ ಜಗ್ಗದ ಇಬ್ಬರು ರೋಗಿಗಳಲ್ಲಿ ಇದನ್ನು ಮಾಡಿ ತೋರಿಸಿದರು. ಹೆದರಿಕೆ ಹುಟ್ಟಿಸುವ ವಸ್ತುವನ್ನು ಮುಟ್ಟಿಸುವುದು, ಆಮೇಲೆ ತೊಳೆಯದಂತೆ ತಡೆಯುವುದು. ಇಂದು ಇದನ್ನು ಇಆರ್‌ಪಿ ಎನ್ನುತ್ತಾರೆ. ಬಲವಂತ ಇರುವುದಿಲ್ಲ. ರೋಗಿಯೇ ಚಿಕಿತ್ಸಕರ ಜೊತೆ ಕುಳಿತು ತನ್ನ ಹೆದರಿಕೆಗಳ ಪಟ್ಟಿ ಮಾಡುತ್ತಾನೆ, ಸೊನ್ನೆಯಿಂದ ನೂರರವರೆಗೆ ಅಂಕ ಕೊಡುತ್ತಾನೆ. ಮನೆಯ ಮೇಜಿನ ಅಂಚಿಗೆ 20, ಚಿಲ್ಲರೆ ಕಾಸಿಗೆ 45, ಬಸ್ಸಿನ ಕಂಬಿಗೆ 70, ಸಾರ್ವಜನಿಕ ಶೌಚಾಲಯದ ಚಿಲಕಕ್ಕೆ 95, ಹೀಗೆ. ಕೆಳಗಿನಿಂದ ಶುರು. ಕಾಸನ್ನು ಅಂಗೈಯಲ್ಲಿ ಹಿಡಿದು, ಅದೇ ಕೈಯನ್ನು ಅಂಗಿಗೆ, ಕೆನ್ನೆಗೆ ಸವರಿಕೊಂಡು ಕೂರಬೇಕು. ತೊಳೆಯುವಂತಿಲ್ಲ. ‘ಏನೂ ಆಗುವುದಿಲ್ಲ ತಾನೇ?’ ಎಂದು ಕೇಳಿ ಸಮಾಧಾನ ಪಡೆಯುವಂತೆಯೂ ಇಲ್ಲ. ಮೊದಲ ಹತ್ತು ನಿಮಿಷ ಬೆವರು ಒಡೆಯುತ್ತದೆ, ಎದ್ದು ಓಡಬೇಕೆನ್ನಿಸುತ್ತದೆ. ಕಾಲು ಗಂಟೆಗೊಮ್ಮೆ ಅಂಕ ಕೇಳುತ್ತಾರೆ: 60, 65, 50, 40. ತೊಳೆಯದೆಯೂ ಅದು ಇಳಿಯುವುದನ್ನು ತನ್ನ ಮೈಯಲ್ಲೇ ಕಂಡವನ ಮುಖದಲ್ಲಿ ಮೂಡುವ ಬೆರಗನ್ನು ಒಮ್ಮೆ ನೋಡಿದರೆ ಮರೆಯಲಾಗದು. ಕೆಲವು ಸಲ ಆ ದಿನ ಇಳಿಯುವುದೇ ಇಲ್ಲ. ಆಗಲೂ ಅದನ್ನು ಹೊತ್ತುಕೊಂಡೇ ಇರಬಲ್ಲೆ ಎಂದು ತಿಳಿಯುವುದು ದೊಡ್ಡ ಲಾಭ. ಸಾಮಾನ್ಯವಾಗಿ 12ರಿಂದ 20 ಸಲ ಹೀಗೆ ಕೂರಬೇಕಾಗುತ್ತದೆ, ನಡುವೆ ಮನೆಯಲ್ಲಿ ದಿನವೂ ಅಭ್ಯಾಸ.

ಗಾಂಜಾದ ಕಡೆಯಿಂದ ನನಗೆ ನಿಜವಾಗಿ ಕುತೂಹಲ ಹುಟ್ಟಿಸಿದ ಒಂದೇ ಒಂದು ಅಧ್ಯಯನ ಇಲ್ಲಿ ಬಂದು ಸೇರುತ್ತದೆ. ಅದೇ ಕೊಲಂಬಿಯಾದ ತಂಡ 11 ರೋಗಿಗಳಿಗೆ ನಾಬಿಲೋನ್ ಎಂಬ, ಟಿಎಚ್‌ಸಿಯನ್ನು ಹೋಲುವ ಮಾತ್ರೆಯನ್ನು ನಾಲ್ಕು ವಾರ ಕೊಟ್ಟಿತು. ಕೆಲವರಿಗೆ ಮಾತ್ರೆ ಮಾತ್ರ, ಕೆಲವರಿಗೆ ಮಾತ್ರೆಯ ಜೊತೆ ಇಆರ್‌ಪಿ. ಒಸಿಡಿಯನ್ನು 40 ಅಂಕಗಳ ಮಾಪಕದಲ್ಲಿ ಅಳೆಯುತ್ತಾರೆ. ಬರೀ ಮಾತ್ರೆ ನುಂಗಿದವರಲ್ಲಿ ಇಳಿದದ್ದು ಸರಾಸರಿ ಎರಡೂವರೆ ಅಂಕ, ಲೆಕ್ಕಕ್ಕೆ ಬಾರದಷ್ಟು. ಇಆರ್‌ಪಿಯೂ ಇದ್ದವರಲ್ಲಿ ಸುಮಾರು 11 ಅಂಕ. ಹೆದರಿಕೆಯನ್ನು ಬಿಟ್ಟುಕೊಡುವುದನ್ನು ಕಲಿಯಲು ಆ ಮಾತ್ರೆ ನೆರವಾಗಿರಬಹುದು. ಇಲ್ಲವೇ ಕೆಲಸ ಮಾಡಿದ್ದು ಇಆರ್‌ಪಿಯೇ ಇರಬಹುದು, ಏಕೆಂದರೆ ಇಆರ್‌ಪಿ ಮಾತ್ರ ಪಡೆದ ಗುಂಪು ಅದರಲ್ಲಿ ಇರಲಿಲ್ಲ. ಮುಂದಿನ ಸಂಶೋಧನೆ ನಡೆಯಬೇಕಾದದ್ದು ಈ ದಾರಿಯಲ್ಲಿ. ಹಾವೇರಿಯ ನಿಮ್ಮ ಮನೆಗೆ ಇದರಿಂದ ಇಂದು ಬರುವ ಪಾಠ ಒಂದೇ: ಇಆರ್‌ಪಿ ಇಲ್ಲದೆ ನಾಬಿಲೋನ್ ಮಾತ್ರೆಯೊಂದೇ ಏನೂ ಮಾಡಲಿಲ್ಲ.

ಇನ್ನು ಅಪಾಯಗಳು. ಟಿಎಚ್‌ಸಿ ಸಣ್ಣ ಪ್ರಮಾಣದಲ್ಲಿ ಆತಂಕ ಇಳಿಸಿದರೂ ಪ್ರಮಾಣ ಹೆಚ್ಚಾದರೆ ಅದೇ ಆತಂಕವನ್ನು ಏರಿಸುತ್ತದೆ. ನೆನಪನ್ನು ಮಸುಕು ಮಾಡುತ್ತದೆ. ‘ತೊಳೆದೆನೋ ಇಲ್ಲವೋ’ ಎಂದು ಮೊದಲೇ ಅನುಮಾನಪಡುವವನಿಗೆ ನೆನಪು ಮಸುಕಾದರೆ ಏನಾದೀತು, ಯೋಚಿಸಿ. ದಿನವೂ ಬಲವಾದ ಗಾಂಜಾ ಸೇದುವವರಲ್ಲಿ ಚಿತ್ತವಿಕಲತೆಯ ಸಾಧ್ಯತೆ ಸೇದದವರಿಗಿಂತ ಐದು ಪಟ್ಟಿಗೆ ಹತ್ತಿರವಿದೆ ಎಂದು 2019ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿಯಲ್ಲಿ ಬಂದ, ಯೂರೋಪಿನ ಹಲವು ನಗರಗಳ ಜೊತೆ ಬ್ರೆಜಿಲನ್ನೂ ಒಳಗೊಂಡ ಅಧ್ಯಯನ ಕಂಡುಕೊಂಡಿತು. ನಿಮ್ಮ ವಂಶದಲ್ಲಿ ಯಾರಿಗಾದರೂ ಅಂಥ ಕಾಯಿಲೆ ಇದ್ದರೆ ಇದನ್ನು ಇನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕು. ರೂಢಿಯಾದ ಮೇಲೆ ಬಿಟ್ಟರೆ ನಿದ್ದೆಗೇಡು, ಸಿಡುಕು, ಆತಂಕ ಒಂದೆರಡು ವಾರ ಕಾಡುತ್ತವೆ. ಅದನ್ನು ಒಸಿಡಿ ಉಲ್ಬಣಿಸಿತೆಂದು ತಿಳಿದು ಮತ್ತೆ ಎಣ್ಣೆಗೇ ಮರಳುವವರಿದ್ದಾರೆ.

‘ಬರೀ ಸಿಬಿಡಿ ಎಣ್ಣೆಯಾದರೆ ಅಮಲಿಲ್ಲವಲ್ಲ’ ಎಂದು ನಿಮ್ಮ ಚಿಕ್ಕಪ್ಪನ ಮಗ ಕೇಳಬಹುದು. ಅಮೆರಿಕದಲ್ಲಿ ಆನ್‌ಲೈನಿನಲ್ಲಿ ಮಾರುವ ಇಂಥ 84 ಉತ್ಪನ್ನಗಳನ್ನು ಪರೀಕ್ಷಿಸಿದಾಗ ಲೇಬಲ್ಲಿನಲ್ಲಿ ಬರೆದಷ್ಟೇ ಸಿಬಿಡಿ ಇದ್ದದ್ದು ಶೇ 31ರಲ್ಲಿ ಮಾತ್ರ. 18 ಉತ್ಪನ್ನಗಳಲ್ಲಿ ಟಿಎಚ್‌ಸಿಯೂ ಇತ್ತು. ಜೊತೆಗೆ ಸಿಬಿಡಿಯು ಯಕೃತ್ತಿನಲ್ಲಿ ಔಷಧಿಗಳನ್ನು ಕರಗಿಸುವ ಕಿಣ್ವಗಳನ್ನು ತಡೆಯುತ್ತದೆ. ಒಸಿಡಿಗೆ ಕೊಡುವ ಎಸ್ಸಿಟಲೋಪ್ರಾಮ್, ಕ್ಲೋಮಿಪ್ರಮಿನ್‌ನಂಥ ಮಾತ್ರೆಗಳು ಆಗ ರಕ್ತದಲ್ಲಿ ಹೆಚ್ಚು ಉಳಿದುಕೊಳ್ಳಬಹುದು. ಕ್ಲೋಮಿಪ್ರಮಿನ್ ಹಾಗೆ ಏರಿದರೆ ಹೃದಯದ ಲಯಕ್ಕೇ ಕುತ್ತು.

ಕಾನೂನಿನ ಮಾತೂ ಹೇಳಬೇಕು. ಕೆನಡಾದಲ್ಲಿ 2018ರಿಂದ ಗಾಂಜಾ ಕಾನೂನುಬದ್ಧ. ಆದರೆ ದೇಶದ ಗಡಿ ದಾಟಿಸುವುದು ಅಲ್ಲೂ ಅಪರಾಧ. ನಮ್ಮಲ್ಲಿ 1985ರ ಮಾದಕವಸ್ತು (ಎನ್‌ಡಿಪಿಎಸ್) ಕಾಯ್ದೆ ಗಾಂಜಾ, ಚರಸ್ ಎರಡನ್ನೂ ನಿಷೇಧಿಸಿದೆ. ಪಾರ್ಸೆಲ್ ನಿಮ್ಮ ವಿಳಾಸಕ್ಕೆ ಬಂದರೆ ಕೇಸು ನಿಮ್ಮ ಮನೆಯವರ ಮೇಲೆ. ಭಂಗಿಸೊಪ್ಪಿನ ಎಲೆ ಆ ಕಾಯ್ದೆಯ ವ್ಯಾಖ್ಯೆಯಲ್ಲಿ ಬರುವುದಿಲ್ಲ. ಆಯುಷ್ ಪರವಾನಗಿಯಲ್ಲಿ ‘ವಿಜಯಾ’ ಹೆಸರಿನ ಎಲೆಯ ಸಾರದ ಎಣ್ಣೆ, ಮಾತ್ರೆಗಳು ವೈದ್ಯರ ಚೀಟಿಯ ಮೇಲೆ ಇಲ್ಲೂ ಸಿಗುತ್ತವೆ. ಪರವಾನಗಿ ಇದೆ ಎಂದ ಮಾತ್ರಕ್ಕೆ ಒಸಿಡಿಗೆ ಅದು ಮದ್ದೆಂದು ಪರೀಕ್ಷೆಯಾಗಿದೆ ಎಂದುಕೊಳ್ಳಬೇಡಿ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ‘50 ಮಿ.ಗ್ರಾಂ., ಮೂರು ವಾರ’ ಎಂಬಲ್ಲಿ. ಸರ್ಟ್ರಲಿನ್ 50 ಎಂಬುದು ಶುರುಮಾಡುವ ಪ್ರಮಾಣ. ಒಸಿಡಿಗೆ ಖಿನ್ನತೆಗಿಂತ ಹೆಚ್ಚಿನ ಪ್ರಮಾಣ ಬೇಕಾಗುತ್ತದೆ. ವೈದ್ಯರು ಅದನ್ನು ಮೆಲ್ಲಗೆ ಏರಿಸುತ್ತ ದಿನಕ್ಕೆ 200ರವರೆಗೂ ಒಯ್ಯುತ್ತಾರೆ. ಫಲ ಕಾಣಲು 8ರಿಂದ 12 ವಾರ ಹಿಡಿಯುತ್ತದೆ. ಮೊದಲ ವಾರಗಳಲ್ಲಿ ಸಿಗುವುದು ಹೊಟ್ಟೆ ತೊಳಸುವುದು, ನಿದ್ದೆ ಏರುಪೇರು, ಇಂಥವೇ. ಹಾಗಾಗಿ ‘ಪ್ರಯೋಜನವಿಲ್ಲ’ ಎಂದು ಬಿಡುವವರು ಬಹಳ. ಒಂದು ಔಷಧಿಯಿಂದ ಸುಮಾರು ಅರ್ಧದಷ್ಟು ಜನರಿಗೆ ಗಣನೀಯ ಹಿತ ಸಿಗುತ್ತದೆ. ಸಿಗದಿದ್ದರೆ ಫ್ಲೂಆಕ್ಸೆಟಿನ್, ಫ್ಲೂವಾಕ್ಸಮಿನ್ ಇವೆ, ಕ್ಲೋಮಿಪ್ರಮಿನ್ ಇದೆ, ಅರಿಪಿಪ್ರಜೋಲ್‌ನಂಥದ್ದನ್ನು ಸೇರಿಸುವುದಿದೆ, ಕಾಂತೀಯ ಪ್ರಚೋದನೆಯ ಚಿಕಿತ್ಸೆಯೂ ಇದೆ. ನಿಮ್ಮ ತಮ್ಮ ಇವುಗಳಲ್ಲಿ ಮೊದಲನೆಯ ಮೆಟ್ಟಿಲನ್ನೂ ಪೂರ್ತಿ ಹತ್ತಿಲ್ಲ. ಅವನ ಕಾಯಿಲೆ ಔಷಧಿಗೆ ಬಗ್ಗದ್ದೆಂದು ಯಾರೂ ಇನ್ನೂ ಹೇಳುವಂತಿಲ್ಲ, ಅದೇ ನನಗೆ ಸಮಾಧಾನದ ಸಂಗತಿ.

ಆದ್ದರಿಂದ ಈ ವಾರವೇ ಅವನನ್ನು ಮತ್ತೆ ಮನೋವೈದ್ಯರ ಬಳಿಗೆ ಕರೆದೊಯ್ಯಿರಿ. ಮೂರು ವಾರಕ್ಕೆ ಬಿಟ್ಟದ್ದನ್ನು ಮುಚ್ಚಿಡದೆ ಹೇಳಿ. ಗಾಂಜಾ ಎಣ್ಣೆಯ ವಿಚಾರವನ್ನೂ ಹೇಳಿ, ಈಗಾಗಲೇ ಅವನೇನಾದರೂ ಪ್ರಯತ್ನಿಸಿದ್ದರೆ ಅದನ್ನೂ. ಯಾವ ವೈದ್ಯರೂ ಇದಕ್ಕೆ ಪೊಲೀಸರನ್ನು ಕರೆಯುವುದಿಲ್ಲ. ಇಆರ್‌ಪಿ ಬಲ್ಲ ಮನಶ್ಶಾಸ್ತ್ರಜ್ಞರ ಬಗ್ಗೆ ಕೇಳಿ. ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆ ನಿಮಗೆ ದೂರವಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಒಸಿಡಿಗೆಂದೇ ಪ್ರತ್ಯೇಕ ಕ್ಲಿನಿಕ್ ಇದೆ. ಅಮ್ಮ ಪ್ಯಾಕೆಟ್ ತೊಳೆದುಕೊಡುವುದನ್ನು ನಾಳೆಯೇ ಏಕಾಏಕಿ ನಿಲ್ಲಿಸಬೇಡಿ, ಮನೆ ರಣರಂಗವಾಗುತ್ತದೆ. ಚಿಕಿತ್ಸಕರು ಹೇಳಿದ ಕ್ರಮದಲ್ಲಿ, ಅವನಿಗೆ ಮೊದಲೇ ತಿಳಿಸಿ, ಒಂದೊಂದಾಗಿ ಬಿಡಿಸಬೇಕು. ಅಮ್ಮನನ್ನೂ ಆಸ್ಪತ್ರೆಗೆ ಜೊತೆಯಲ್ಲಿ ಕರೆದುಕೊಂಡು ಹೋಗಿ, ಈ ಚಿಕಿತ್ಸೆಯಲ್ಲಿ ಅವರಿಗೂ ಪಾಲಿದೆ.

ಅವನು ಬರಲೊಪ್ಪದಿದ್ದರೆ, ಅಥವಾ ಬದುಕೇ ಬೇಡ ಎಂಬ ಮಾತಾಡಿದರೆ, ತಡಮಾಡದೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲಿಯೇ ಮಾತಾಡಬಹುದು, ಹಣ ಕೊಡಬೇಕಿಲ್ಲ.